ಶಿಕ್ಷೆಯ ಭಯವೋ, ಪಾಪದ ದುಃಖವೋ

ತಾನು ಪಾಪ ಮಾಡಿದೆನೆಂದು ಸೌಲನೂ ಒಪ್ಪಿಕೊಂಡ, ದಾವೀದನೂ ಒಪ್ಪಿಕೊಂಡ. ಆದರೆ ಸೌಲ ಒಪ್ಪಿಕೊಂಡ ಬೆನ್ನಲ್ಲೇ, ಹಿರಿಯರ ಮುಂದೆ ನನ್ನ ಮಾನ ಉಳಿಸು ಎಂದು ಸಮುವೇಲನ ಬೆನ್ನು ಬಿದ್ದ. ದಾವೀದನಾದರೋ ಮುಂದೆ ಮಗನ ದಂಗೆಗೆ ಅಂಜಿ ಊರು ಬಿಡುವಾಗ, ದಾರಿಯಲ್ಲಿ ಶಿಮ್ಮಿ ಕಲ್ಲೆಸೆದು ಶಪಿಸಿದರೂ ಅವನನ್ನು ಮುಟ್ಟಗೊಡಲಿಲ್ಲ, ಬಂದದ್ದನ್ನು ಅನುಭವಿಸಿದ. ಪೌಲ ಕೊರಿಂಥದ ಸಭೆಗೆ ಬರೆಯುವಾಗ ಈ ಎರಡು ಬಗೆಯ ದುಃಖವನ್ನು ಬೇರ್ಪಡಿಸಿ ಹೇಳಿದ್ದಾನೆ. ಅಲ್ಲಿಂದೀಚೆಗೆ ಸಭೆಯನ್ನು ಕಾಡಿದ ಪ್ರಶ್ನೆ ಒಂದೇ: ಕಣ್ಣೀರು ಹಾಕುತ್ತ ಬಂದವನು ಪಾಪಕ್ಕೆ ಅಳುತ್ತಿದ್ದಾನೋ, ಅದರ ಫಲಕ್ಕೋ?

ಇದು ಬಿಸಿಯೇರಿದ್ದು ಉತ್ತರ ಆಫ್ರಿಕಾದ ಕಾರ್ಥೇಜಿನಲ್ಲಿ. ಕ್ರಿ.ಶ. 250ರಲ್ಲಿ ರೋಮ್ ಚಕ್ರವರ್ತಿ ಡೀಸಿಯಸ್ ಎಲ್ಲರೂ ದೇವತೆಗಳಿಗೆ ಬಲಿ ಅರ್ಪಿಸಬೇಕೆಂದು ಆಜ್ಞೆ ಹೊರಡಿಸಿದಾಗ ಹಲವು ಕ್ರೈಸ್ತರು ಜೀವಭಯದಿಂದ ಹಾಗೇ ಮಾಡಿದರು. ಕೆಲವರು ಲಂಚ ಕೊಟ್ಟು, ಬಲಿ ಕೊಟ್ಟೆವೆಂಬ ಪತ್ರವನ್ನಷ್ಟೇ ಪಡೆದರು. ಕಿರುಕುಳ ತಣ್ಣಗಾದ ಮೇಲೆ ತಕ್ಷಣ ಸೇರಿಸಿಕೊಳ್ಳಿ ಎಂದು ಬಾಗಿಲು ತಟ್ಟಿದರು. ಬಿಷಪ್ ಸಿಪ್ರಿಯನ್ ಬಾಗಿಲು ಮುಚ್ಚಲಿಲ್ಲ, ಆತುರಕ್ಕೂ ಒಪ್ಪಲಿಲ್ಲ. ಬಿದ್ದವರ ಕುರಿತು 251ರಲ್ಲಿ ಬರೆದ ಗ್ರಂಥದಲ್ಲಿ, ಗಾಯ ಮಾಯಲು ಕಾಲ ಬೇಕೆಂದು ವಾದಿಸಿದ.

ಮಧ್ಯಯುಗದಲ್ಲಿ ಪಾಪನಿವೇದನೆ ಖಾಸಗಿಯಾಯಿತು. 1215ರ ಲ್ಯಾಟೆರನ್ ಮಹಾಸಭೆ ವರ್ಷಕ್ಕೊಮ್ಮೆಯಾದರೂ ಅದನ್ನು ಮಾಡಲೇಬೇಕೆಂದು ವಿಧಿಸಿತು. ಶಿಕ್ಷೆ ತಗ್ಗಿಸುವ ಪತ್ರಗಳನ್ನು ಹಣಕ್ಕೆ ಕೊಡುವ ಮಟ್ಟಕ್ಕೆ ವಿಷಯ ಇಳಿದಾಗ, 1517ರಲ್ಲಿ ಲೂಥರ್ ತನ್ನ ಮೊದಲ ವಾದದಲ್ಲೇ, ವಿಶ್ವಾಸಿಯ ಇಡೀ ಬದುಕು ಪಶ್ಚಾತ್ತಾಪವಾಗಿರಬೇಕೆಂದು ಸಾರಿದ. ಟ್ರೆಂಟ್ ಮಹಾಸಭೆ 1551ರಲ್ಲಿ ಉತ್ತರ ಕೊಟ್ಟಿತು: ನರಕದ ಭಯದಿಂದ ಹುಟ್ಟಿದ ದುಃಖ ಅಪೂರ್ಣ, ಆದರೂ ದೇವರ ವರವೇ. ಭಯ ಸಾಕೋ, ಪ್ರೀತಿಯೂ ಬೇಕೋ ಎಂದು ಕಥೋಲಿಕ ಪಂಡಿತರೇ ಎಷ್ಟು ಕಚ್ಚಾಡಿದರೆಂದರೆ, 1667ರಲ್ಲಿ ಪೋಪ್ ಏಳನೆಯ ಅಲೆಕ್ಸಾಂಡರ್ ಪರಸ್ಪರ ಖಂಡಿಸಬೇಡಿ ಎಂದು ಆಜ್ಞೆ ಮಾಡಬೇಕಾಯಿತು. ಟ್ರೆಂಟಿನ ಮಾತು ನನಗೆ ಮನುಷ್ಯನನ್ನು ಬಲ್ಲವರ ಮಾತಾಗಿ ಕಾಣುತ್ತದೆ. ಭಯದಿಂದ ಶುರುವಾದದ್ದು ಭಯದಲ್ಲೇ ನಿಲ್ಲಬೇಕೆಂದೇನಿಲ್ಲ.

ಕನ್ನಡ ನಾಡಿನಲ್ಲಿ ಈ ಪ್ರಶ್ನೆ ರಕ್ತಮಾಂಸ ತಳೆದದ್ದು ಶ್ರೀರಂಗಪಟ್ಟಣದಲ್ಲಿ. 1784ರಲ್ಲಿ ಟಿಪ್ಪು ಕೆನರಾದ ಕ್ರೈಸ್ತರನ್ನು ಸೆರೆಹಿಡಿದು ಅಲ್ಲಿಗೆ ಸಾಗಿಸಿದ. ಹಲವರು ಒತ್ತಾಯಕ್ಕೆ ಮತ ಬದಲಿಸಿದರು. 1799ರಲ್ಲಿ ಕೋಟೆ ಬಿದ್ದ ಮೇಲೆ ಹಿಂದಿರುಗಿ ಬಂದವರನ್ನು ಸಭೆಗೆ ಸೇರಿಸಿಕೊಳ್ಳುವ ಹೊಣೆ ಫ್ರೆಂಚ್ ಪಾದ್ರಿ ದ್ಯುಬ್ವಾನ ಮೇಲೆ ಬಿತ್ತು. ತಾವು ಹೊರಗಷ್ಟೇ ಬದಲಾದೆವು, ಒಳಗೆ ಯೇಸುವನ್ನು ಬಿಟ್ಟಿರಲಿಲ್ಲ ಎಂಬುದು ಅವರ ಮಾತು. ಆತ 1823ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ ಪತ್ರಗಳಲ್ಲಿ ಇದನ್ನು ನೆನೆದು, ಒಬ್ಬನಾದರೂ ಎದೆಯೊಡ್ಡಿ ನಿಲ್ಲಲಿಲ್ಲವಲ್ಲ ಎಂದು ಕಟುವಾಗಿ ಬರೆದ. ಇದು ನ್ಯಾಯವಲ್ಲ. ಮನೆ, ಹೊಲ, ಮಕ್ಕಳನ್ನು ಕಳೆದುಕೊಂಡ ಸೆರೆಯಾಳಿನ ಎದೆಯನ್ನು ದಶಕಗಳ ನಂತರ ಮೇಜಿನ ಮುಂದೆ ಕೂತು ಅಳೆಯಲಾಗದು. ಅಪಾಯ ಕಳೆದ ಮೇಲೆ ಬಂದರೆಂಬುದು ನಿಜ. ಆದರೆ ಬಾರದೆ ಇದ್ದುಬಿಡುವ ದಾರಿಯೂ ಅವರಿಗಿತ್ತು.

1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ ಬಂದ ಬಾಸೆಲ್ ಮಿಷನ್ನಿನವರಿಗೆ ತೊಡಕು ಬೇರೆ ರೂಪದಲ್ಲಿ ಎದುರಾಯಿತು. ದೀಕ್ಷಾಸ್ನಾನ ಪಡೆದವನಿಗೆ ಮನೆಯಿಲ್ಲ, ಜಾತಿಯಿಲ್ಲ, ಕಸುಬಿಲ್ಲ. ಹಾಗಾಗಿ ಮಗ್ಗಗಳು ಬಂದವು. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರುವಾಯಿತು. ಕೆಲಸ ಕೊಡುವವರೂ ಸಭೆ ನಡೆಸುವವರೂ ಒಬ್ಬರೇ ಆದಾಗ ತಪ್ಪೊಪ್ಪಿಗೆಗೆ ಹೊಟ್ಟೆಪಾಡಿನ ಅಂಜಿಕೆ ಬೆರೆಯದೆ ಇರದು. ಇಂಥಲ್ಲಿ ಯಾರ ಪಶ್ಚಾತ್ತಾಪ ನಿಜವೆಂದು ತೀರ್ಪು ಕೊಡುವುದು ಸುಲಭವಲ್ಲ.

ಇನ್ನು ಕಥೋಲಿಕರು ಪಾಪನಿವೇದನೆಯಲ್ಲಿ ಹೇಳುತ್ತ ಬಂದಿರುವ ಪಶ್ಚಾತ್ತಾಪದ ಪ್ರಾರ್ಥನೆಯನ್ನು ಗಮನಿಸಿ: ಶಿಕ್ಷೆಗೆ ಹೆದರಿದೆನೆಂಬ ಮಾತೂ ಅದರಲ್ಲಿದೆ, ಅದಕ್ಕಿಂತ ಹೆಚ್ಚಾಗಿ ಒಳ್ಳೆಯವನಾದ ದೇವರನ್ನು ನೋಯಿಸಿದೆನೆಂಬ ಮಾತೂ ಇದೆ. ಹಳೆಯ ಜಗಳದ ಎರಡು ಪಕ್ಷವೂ ಒಂದೇ ಉಸುರಿನ ಪ್ರಾರ್ಥನೆಯಲ್ಲಿ ಕೂತಿವೆ. ಕದ್ದದ್ದನ್ನು ಹಿಂದಿರುಗಿಸಬೇಕು, ಕೆಡಿಸಿದ ಹೆಸರನ್ನು ಸರಿಪಡಿಸಬೇಕು ಎಂಬುದೂ ಸಭೆಯ ಬೋಧನೆಯೇ.

ಎದೆಯನ್ನು ಬಗೆದು ನೋಡಲಾಗದ ನಮಗೆ ಸಿಗುವ ಗುರುತು ಹೀಗೆ ಹಾನಿ ತುಂಬಿಕೊಡುವುದೊಂದೇ. ಸುಂಕದವರ ಮುಖ್ಯಸ್ಥ ಜಕ್ಕಾಯ ತನ್ನ ಆಸ್ತಿಯಲ್ಲಿ ಅರ್ಧವನ್ನು ಬಡವರಿಗೆ, ಮೋಸದಿಂದ ಕಿತ್ತುಕೊಂಡದ್ದನ್ನು ನಾಲ್ಕು ಪಟ್ಟಾಗಿ ಕೊಡುತ್ತೇನೆಂದ. ಯಾರೂ ಅವನನ್ನು ಕೇಳಿರಲಿಲ್ಲ. ಆದ್ದರಿಂದ ಸಭಾಪಾಲಕರಲ್ಲಿ, ಗುರುಗಳಲ್ಲಿ ಒಂದು ಬಿನ್ನಹ. ಚೀಟಿ ಹಣ ನುಂಗಿದವನೋ, ಹೆಂಡತಿಯನ್ನು ಹೊಡೆದವನೋ ಅಳುತ್ತ ಬಂದರೆ ಅವನ ಜೊತೆ ಪ್ರಾರ್ಥಿಸಿ, ಕೈಬಿಡಬೇಡಿ. ಆದರೆ ಅವನ ಕಣ್ಣೀರನ್ನು ತೋರಿಸಿ, ಪೊಲೀಸ್ ದೂರು ವಾಪಸ್ ಪಡೆಯಿರೆಂದು ನೊಂದವರ ಮೇಲೆ ಒತ್ತಡ ತರಬೇಡಿ. ಠಾಣೆಗೆ ಹೋಗುವಾಗ ಅವನ ಜೊತೆ ನೀವೂ ಹೋಗಿ.