ಕಲ್ವ ಮತ್ತು ಸೀ ಅರ್ಚಿನ್: ಭ್ರೂಣ ಬೆಳೆಯುವ ಎರಡು ಬಗೆ

ಕುಂಡಯಿ ಸಮೀಪದ ಕುಂಬಾರ್ಜುವಾ ಕಾಲುವೆ ಮಾಂಡವಿ, ಜುವಾರಿ ನದಿಗಳನ್ನು ಜೋಡಿಸುತ್ತದೆ. ಈ ಅಳಿವೆಗಳ ಕಲ್ವ ಮೃದ್ವಂಗಿ. ಕಡಲಿನ ಸೀ ಅರ್ಚಿನ್ ಕಂಟಕಚರ್ಮಿ. ಪಠ್ಯದಲ್ಲಿ ಎರಡೂ ಅಕಶೇರುಕಗಳೇ. ಆದರೆ ಬೆನ್ನೆಲುಬಿಲ್ಲದ ಮಾತ್ರಕ್ಕೆ ಅವು ನಿಕಟ ಬಂಧುಗಳಲ್ಲ.

ಫಲಿತಗೊಂಡ ಅಂಡವು ಕಲ್ವದಲ್ಲಿ ಸುರುಳಿಯಾಕಾರದಲ್ಲಿ, ಅರ್ಚಿನ್‌ನಲ್ಲಿ ತ್ರಿಜ್ಯೀಯವಾಗಿ ವಿಭಜನೆಗೊಳ್ಳುತ್ತದೆ. 1891ರಲ್ಲಿ ಹಾನ್ಸ್ ಡ್ರೀಶ್ ಅರ್ಚಿನ್ ಭ್ರೂಣದ ಮೊದಲ ಎರಡು ಕೋಶಗಳನ್ನು ಬೇರ್ಪಡಿಸಿದರು. ಒಂದೊಂದೂ ಚಿಕ್ಕದಾದರೂ ಪೂರ್ಣ ಡಿಂಭವಾಗಬಲ್ಲದೆಂದು ಕಂಡಿತು. ಮೃದ್ವಂಗಿಯಾದ ಕಡಲ ಬಸವನಹುಳುವಿನಲ್ಲಿ ಹಾಗೆ ಬೇರ್ಪಟ್ಟ ಕೋಶಗಳು ಅಪೂರ್ಣ ಭ್ರೂಣಗಳಾದವು.

ಅರ್ಚಿನ್‌ನ ಜೀನೋಮ್ 2006ರಲ್ಲಿ ಪ್ರಕಟವಾಯಿತು; ಅದರಲ್ಲಿ ಸುಮಾರು 23,000 ಜೀನ್‌ಗಳಿವೆ. 2012ರಲ್ಲಿ ಪೆಸಿಫಿಕ್ ಕಲ್ವದಲ್ಲಿ ಸುಮಾರು 28,000 ಗುರುತಿಸಲ್ಪಟ್ಟವು. ಜೀನ್‌ಗಳ ಹೋಲಿಕೆಯೂ, ಭ್ರೂಣದ ಮೊದಲ ರಂಧ್ರ ಗುದದ್ವಾರದ ಭಾಗವಾಗುವ ಕ್ರಮವೂ ಒಂದನ್ನೇ ಹೇಳುತ್ತವೆ: ಅರ್ಚಿನ್ ಕಲ್ವಕ್ಕಿಂತ ಮಾನವನಿಗೇ ಹತ್ತಿರ.