ಟಾನಿಕ್ ಬಾಟಲಿಯ ಹಿಂದಿನ ಕಥೆ

ಅಕ್ಕನ ಮಗಳಿಗೆ ಲ್ಯುಕೇಮಿಯಾ. ಆಸ್ಪತ್ರೆಯ ದಿನಗಳು ಮುಗಿದು, ಮನೆಯಲ್ಲೇ ಗುಳಿಗೆ ನುಂಗುವ ಘಟ್ಟ ಶುರುವಾಗಿತ್ತು. ಒಂದು ಸಂಜೆ ದೊಡ್ಡಮ್ಮ ಟಾನಿಕ್ ಬಾಟಲಿ ಹಿಡಿದು ಬಂದರು. "ಕೂಸು ಬಿಳಿಚಿಕೊಂಡಿದೆ ಕಣೇ, ರಕ್ತ ಆಗಲಿ ಅಂತ ತಂದೆ." ಅಕ್ಕ ಲೇಬಲ್ ಓದಿದಳು: ಕಬ್ಬಿಣದ ಜೊತೆಗೆ ಫೋಲಿಕ್ ಆಸಿಡ್. ಮಾತಾಡದೆ ಬಾಟಲಿಯನ್ನು ಕಪಾಟಿನ ಮೇಲಿಟ್ಟಳು. ದೊಡ್ಡಮ್ಮನಿಗೆ ಬೇಜಾರಾಯಿತು. ಅವರು ಮಾಡಹೊರಟದ್ದನ್ನೇ ಹಿಂದೆ ಬಾಸ್ಟನ್ನಿನ ದೊಡ್ಡ ವೈದ್ಯರೊಬ್ಬರು ಮಾಡಿದ್ದರೆಂದು ನಾನು ಓದಿ ತಿಳಿದದ್ದು ಆಮೇಲೆ.

ಕಥೆ ಶುರುವಾಗುವುದು ನಮ್ಮ ಮುಂಬೈಯಲ್ಲಿ. 1930ರ ಸುಮಾರಿಗೆ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಅಲ್ಲಿನ ಬಡ ಬಸುರಿಯರ ರಕ್ತಹೀನತೆ ಯೀಸ್ಟಿನ ಸಾರದಿಂದ ಗುಣವಾಗುವುದನ್ನು ಕಂಡರು. ಆ ಸಾರದೊಳಗಿದ್ದ ವಸ್ತುವೇ ಫೋಲಿಕ್ ಆಸಿಡ್. ಅದನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿದ್ದು 1940ರ ದಶಕದ ನಡುವಿನಲ್ಲಿ, ಅಮೆರಿಕದ ಲೆಡರ್ಲಿ ಕಂಪನಿಯಲ್ಲಿ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡ. 1895ರಲ್ಲಿ ಭೀಮವರಂನಲ್ಲಿ ಹುಟ್ಟಿದ ಈ ಮನುಷ್ಯ ಎಳೆಯ ವಯಸ್ಸಿನಲ್ಲಿ ತನ್ನ ಸೋದರರನ್ನು ಸ್ಪ್ರೂ ಎಂಬ ಕರುಳಿನ ಕಾಯಿಲೆಗೆ ಕಳೆದುಕೊಂಡಿದ್ದರು. ಫೋಲಿಕ್ ಆಸಿಡ್ ಆ ಕಾಯಿಲೆಗೂ ಮದ್ದಾಯಿತು.

ರಕ್ತ ಹುಟ್ಟಿಸುವ ವಸ್ತುವಾದ ಮೇಲೆ ರಕ್ತದ ಕ್ಯಾನ್ಸರಿಗೂ ಒಳ್ಳೆಯದಿರಬೇಕಲ್ಲ? ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯ ಸಿಡ್ನಿ ಫಾರ್ಬರ್ ಲ್ಯುಕೇಮಿಯಾದ ಮಕ್ಕಳಿಗೆ ಅದರ ರೂಪಗಳನ್ನು ಕೊಟ್ಟರು. ಕಾಯಿಲೆ ಇನ್ನಷ್ಟು ಬೇಗ ಬೆಳೆಯಿತು. ಹಾಗಾದರೆ ಫೋಲಿಕ್ ಆಸಿಡನ್ನು ತಡೆದರೆ? ಸುಬ್ಬರಾವ್ ತಂಡವೇ ತಯಾರಿಸಿದ ಅಮಿನಾಪ್ಟೆರಿನ್ ಎಂಬ ವಿರೋಧಿ ಔಷಧವನ್ನು 1947ರ ಕೊನೆಯಲ್ಲಿ ಕೊಡತೊಡಗಿದರು. 1948ರ ಜೂನ್ ತಿಂಗಳಲ್ಲಿ ಅವರು ಪ್ರಕಟಿಸಿದ ಲೆಕ್ಕ ಇಷ್ಟು: 16 ಮಕ್ಕಳಲ್ಲಿ 10 ಮಕ್ಕಳು ಚೇತರಿಸಿಕೊಂಡಿದ್ದರು, ಅದೂ ಕೆಲಕಾಲ ಮಾತ್ರ. ಬಾಯೆಲ್ಲ ಹುಣ್ಣಾಗುತ್ತಿತ್ತು. ಅದೇ ವರ್ಷ ಆಗಸ್ಟಿನಲ್ಲಿ ಸುಬ್ಬರಾವ್ 53ನೇ ವಯಸ್ಸಿಗೇ ತೀರಿಕೊಂಡರು.

ಅಮಿನಾಪ್ಟೆರಿನ್ನಿನ ತಂಗಿ ಮೆಥೊಟ್ರೆಕ್ಸೇಟ್. ನಮ್ಮ ಹುಡುಗಿ ಶುಕ್ರವಾರ ನುಂಗುವುದು ಅದನ್ನೇ. ವಾರಕ್ಕೊಮ್ಮೆ ಮಾತ್ರ, ದಿನವೂ ನುಂಗಿದರೆ ಪ್ರಾಣಕ್ಕೇ ಕುತ್ತು, ಹಾಗೆ ತಪ್ಪಿ ನುಂಗಿ ಸತ್ತವರು ಹಲವು ದೇಶಗಳಲ್ಲಿದ್ದಾರೆ. ಇಷ್ಟೆಲ್ಲ ಓದಿಕೊಂಡ ನಾನೇ, ಅಕ್ಕ ಊರಲ್ಲಿಲ್ಲದ ಒಂದು ಶನಿವಾರ ಆ ಗುಳಿಗೆಗಳನ್ನು ಲೋಟದ ನೀರಿನ ಜೊತೆ ಮುಂದಿಟ್ಟೆ. "ಮಾಮ, ಇದು ಶುಕ್ರವಾರದ್ದು. ನಿನ್ನೆ ಆಯ್ತು" ಎಂದಳು, ಬಣ್ಣ ಹಚ್ಚುವ ಪುಸ್ತಕದಿಂದ ತಲೆಯೆತ್ತದೆ. ನನ್ನ ಕೈ ನಡುಗಿತು. ಅವತ್ತಿನಿಂದ ಕ್ಯಾಲೆಂಡರಿನಲ್ಲಿ ಶುಕ್ರವಾರಗಳಿಗೆ ಕೆಂಪು ಸುತ್ತು. ನುಂಗಿದ ಕೂಡಲೇ ಅವಳೇ ಅದಕ್ಕೆ ಅಡ್ಡಗೆರೆ ಎಳೆಯುತ್ತಾಳೆ.

ದಿನವೂ ರಾತ್ರಿ ನುಂಗುವ ಇನ್ನೊಂದು ಗುಳಿಗೆ ಮರ್ಕಾಪ್ಟೊಪ್ಯೂರಿನ್. ಗರ್ಟ್ರೂಡ್ ಎಲಿಯನ್ 1951ರಲ್ಲಿ ತಯಾರಿಸಿದ್ದು. ಹಾಲಿನ ಜೊತೆ ಕೊಡಬಾರದು, ಖಾಲಿ ಹೊಟ್ಟೆಯಲ್ಲೇ ಆಗಬೇಕು ಎಂದು ಬಹಳ ಕಾಲ ಹೇಳುತ್ತಿದ್ದರು. ಈಚಿನ ಅಧ್ಯಯನಗಳಲ್ಲಿ ಆ ಕಟ್ಟುನಿಟ್ಟು ಸಡಿಲವಾಗಿದೆ. ಒಂದು ದಿನವೂ ತಪ್ಪಿಸಬಾರದು ಎಂಬುದು ಬಿಗಿಯಾಗಿದೆ. ತಾತನ ಗೌಟಿಗೆ ಕೊಡುವ ಅಲೊಪ್ಯೂರಿನಾಲ್ ಕೂಡ ಎಲಿಯನ್ ಬಳಗದ್ದೇ. ಅದು ಮರ್ಕಾಪ್ಟೊಪ್ಯೂರಿನ್ ದೇಹದಲ್ಲಿ ಕರಗದಂತೆ ತಡೆದು ಅದರ ವಿಷವನ್ನು ಹೆಚ್ಚಿಸುತ್ತದೆ. ಹಾಗಾಗಿ ತಾತನ ಡಬ್ಬಿ ಬೇರೆ ಕೋಣೆಗೆ ಹೋಗಿದೆ.

ವಾರದಲ್ಲಿ ಎರಡು ದಿನ ಕೋಟ್ರೈಮಾಕ್ಸಜೋಲ್. ಕ್ಯಾನ್ಸರ್ ಹಿಡಿತಕ್ಕೆ ಬಂದ ಮಕ್ಕಳು ನ್ಯುಮೋಸಿಸ್ಟಿಸ್ ಎಂಬ ನ್ಯುಮೋನಿಯಾದಿಂದ ಸಾಯುತ್ತಿದ್ದ ಕಾಲವೊಂದಿತ್ತು. 1977ರಲ್ಲಿ ಮೆಂಫಿಸ್ಸಿನ ಸೇಂಟ್ ಜೂಡ್ ಆಸ್ಪತ್ರೆಯ ವಾಲ್ಟರ್ ಹ್ಯೂಸ್ ಮತ್ತು ಸಂಗಡಿಗರು ಈ ಅಗ್ಗದ ಮಾತ್ರೆ ಅದನ್ನು ತಡೆಯುತ್ತದೆಂದು ತೋರಿಸಿದರು. ಜ್ವರ ಬಂದರೆ ಮಾತ್ರ ನಾವು ಮನೆಯಲ್ಲಿ ಏನನ್ನೂ ಕೊಡುವುದಿಲ್ಲ, ನಡುರಾತ್ರಿಯಾದರೂ ಆಸ್ಪತ್ರೆಗೇ ಓಡುತ್ತೇವೆ.

ದೊಡ್ಡಮ್ಮನಿಗೆ ಇದನ್ನೆಲ್ಲ ಹೇಳಿದೆ. ಮುಂಬೈಯ ಬಸುರಿಯರ ಕಥೆಯನ್ನು ಅವರು ಎರಡು ಸಲ ಕೇಳಿದರು. ಪಕ್ಕದ ಮನೆಯ ಸೊಸೆಗೆ ನಾಲ್ಕನೇ ತಿಂಗಳು. ಅವಳ ಡಾಕ್ಟರು ಬರೆದುಕೊಟ್ಟಿದ್ದೂ ಅದೇ ಟಾನಿಕ್ಕಂತೆ. ಬಾಟಲಿಯನ್ನು ಸೆರಗಿನಲ್ಲಿ ಒರೆಸಿಕೊಂಡು ಆ ಕಡೆ ಹೊರಟರು.