ಸೈಕಲ್ ಬೋಲ್ಟ್ ಹೆಚ್ಚು ಬಿಗಿದಷ್ಟೂ ಭದ್ರವೇ? ಟಾರ್ಕ್ ವ್ರೆಂಚ್ ಬಳಸುವುದು ಹೇಗೆ?

ಹ್ಯಾಂಡಲ್ ಅಲುಗಾಡುತ್ತಿದೆ ಎಂದು ಸೈಕಲ್ ಅಂಗಡಿಗೆ ಹೋದರೆ, ಮಿಸ್ತ್ರಿ ಪಾನಾ ಹಾಕಿ ಕೈಲಾದಷ್ಟು ಬಿಗಿದು "ಇನ್ನ ಅಲುಗಾಡಂಗಿಲ್ರಿ" ಎನ್ನುತ್ತಾರೆ. ಬಿಗಿ ಹೆಚ್ಚಾದಷ್ಟೂ ಸುರಕ್ಷತೆ ಹೆಚ್ಚು ಎಂಬುದು ನಮ್ಮೆಲ್ಲರ ನಂಬಿಕೆ. ಕಲಬುರಗಿ ಜಿಲ್ಲೆಯ ಶಹಾಬಾದ, ಭಂಕೂರ, ವಾಡಿ ಭಾಗದಲ್ಲಿ ಸೈಕಲ್ ಸವಾರರು ಕಲ್ಲು ಮತ್ತು ಸಿಮೆಂಟ್ ಲಾರಿಗಳ ಪಕ್ಕದಲ್ಲೇ ಸಾಗಬೇಕು. ಅಲ್ಲಿ ಹ್ಯಾಂಡಲ್ ಕೈಕೊಟ್ಟರೆ ಅನಾಹುತವೇ. ಹಾಗಾದರೆ ಈ ನಂಬಿಕೆ ಎಷ್ಟು ನಿಜ?

ಬೋಲ್ಟ್ ಒಂದು ಸ್ಪ್ರಿಂಗ್ ಇದ್ದಂತೆ

ಬೋಲ್ಟ್ ಬಿಗಿದಾಗ ಅದು ಕಣ್ಣಿಗೆ ಕಾಣದಷ್ಟು ಹಿಗ್ಗುತ್ತದೆ. ಹಿಗ್ಗಿದ ಬೋಲ್ಟ್ ಮತ್ತೆ ಕುಗ್ಗಲು ಎಳೆಯುವ ಬಲವೇ ಎರಡು ಭಾಗಗಳನ್ನು ಒತ್ತಿ ಹಿಡಿಯುತ್ತದೆ. ಬಿಗಿ ಕಡಿಮೆಯಾದರೆ ರಸ್ತೆಯ ಅದುರುವಿಕೆಗೆ ಬೋಲ್ಟ್ ಸಡಿಲಗೊಳ್ಳುತ್ತದೆ. ಅತಿಯಾದರೆ ಬೋಲ್ಟ್ ಶಾಶ್ವತವಾಗಿ ಹಿಗ್ಗಿ ಹಿಡಿತ ಕಳೆದುಕೊಳ್ಳಬಹುದು, ಅಲ್ಯೂಮಿನಿಯಂ ಭಾಗದ ಥ್ರೆಡ್ ಕಿತ್ತುಹೋಗಬಹುದು, ಕಾರ್ಬನ್ ಭಾಗ ಬಿರುಕು ಬಿಡಬಹುದು. ಬಿರುಕು ಅಂದೇ ಕಾಣಿಸಬೇಕೆಂದಿಲ್ಲ. ಎಷ್ಟೋ ದಿನಗಳ ನಂತರ ಓಡುವಾಗ ಮುರಿಯಬಹುದು.

ಟಾರ್ಕ್ ಎಂದರೇನು?

ತಿರುಗಿಸುವ ಬಲವೇ ಟಾರ್ಕ್. ನೀವು ಹಾಕುವ ಬಲವನ್ನು ಪಾನಾದ ಉದ್ದದಿಂದ ಗುಣಿಸಿದರೆ ಇದು ಸಿಗುತ್ತದೆ. ಇದರ ಅಳತೆ ನ್ಯೂಟನ್ ಮೀಟರ್. 10 ಸೆಂ.ಮೀ. ಉದ್ದದ ಅಲೆನ್ ಕೀ ತುದಿಗೆ 5 ಕೆ.ಜಿ.ಯಷ್ಟು ಬಲ ಹಾಕಿದರೆ ಸುಮಾರು 5 ನ್ಯೂಟನ್ ಮೀಟರ್. ಅದೇ ಕೈ 20 ಕೆ.ಜಿ. ಬಲವನ್ನೂ ಸಲೀಸಾಗಿ ಹಾಕಬಲ್ಲದು. ಆಗ ಬಿಗಿ ನಾಲ್ಕು ಪಟ್ಟು! ಇಲ್ಲೇ ಕೈ ಅಂದಾಜು ತಪ್ಪುವುದು.

ಸಾಮಾನ್ಯ ಅಳತೆಗಳು (ನ್ಯೂಟನ್ ಮೀಟರ್‌ಗಳಲ್ಲಿ):

- ಹ್ಯಾಂಡಲ್ ಹಿಡಿಯುವ ಸ್ಟೆಮ್ ಬೋಲ್ಟ್‌ಗಳು: 4–6
- ಸೀಟ್ ಪೋಸ್ಟ್ ಕ್ಲ್ಯಾಂಪ್: 5–7
- ಬ್ರೇಕ್ ಕೇಬಲ್ ಹಿಡಿಯುವ ಬೋಲ್ಟ್: 6–8
- ನಟ್ ಇರುವ ಹಿಂದಿನ ಚಕ್ರದ ಆಕ್ಸಲ್: 30–45
- ಪೆಡಲ್: 35–40
- ಚೌಕ ತುದಿಯ ಆಕ್ಸಲ್‌ನ ಕ್ರ್ಯಾಂಕ್ ಬೋಲ್ಟ್: 35–50

ಭಾಗದ ಮೇಲೆ ಅಥವಾ ಕೈಪಿಡಿಯಲ್ಲಿ ಬೇರೆ ಸಂಖ್ಯೆ ಇದ್ದರೆ ಅದನ್ನೇ ಪಾಲಿಸಿ. ಪಟ್ಟಿಯ ಕೊನೆಯ ಮೂರಕ್ಕೆ ಹೆಚ್ಚಿನ ಬಲವೇ ಬೇಕು ಎಂಬುದನ್ನು ಗಮನಿಸಿ. ಕ್ರ್ಯಾಂಕ್ ಬೋಲ್ಟ್ ಸಡಿಲವಿದ್ದಾಗಲೇ ಸೈಕಲ್ ತುಳಿದರೆ ಅಲ್ಯೂಮಿನಿಯಂ ಕ್ರ್ಯಾಂಕಿನ ಚೌಕ ರಂಧ್ರ ಸವೆಯುತ್ತದೆ. ಆಮೇಲೆ ಎಷ್ಟು ಬಿಗಿದರೂ ನಿಲ್ಲದು, ಕ್ರ್ಯಾಂಕನ್ನೇ ಬದಲಿಸಬೇಕು.

ಟಾರ್ಕ್ ವ್ರೆಂಚ್ ಬಳಸುವ ಕ್ರಮ

1. ಥ್ರೆಡ್ ಸ್ವಚ್ಛಗೊಳಿಸಿ. ಕೈಪಿಡಿ ಹೇಳಿದ್ದರೆ ತೆಳುವಾಗಿ ಗ್ರೀಸ್ ಹಚ್ಚಿ. ನೀವು ಹಾಕುವ ಬಲದ ಬಹುಪಾಲು ಘರ್ಷಣೆಗೇ ಖರ್ಚಾಗುತ್ತದೆ. ಹಾಗಾಗಿ ಒಣ ಥ್ರೆಡ್‌ಗೂ ಗ್ರೀಸ್ ಹಚ್ಚಿದ ಥ್ರೆಡ್‌ಗೂ ಒಂದೇ ಟಾರ್ಕಿನಲ್ಲಿ ಸಿಗುವ ಹಿಡಿತ ಬೇರೆ ಬೇರೆ.
2. ಹಿಡಿಯ ಬುಡ ತಿರುಗಿಸಿ ಬೇಕಾದ ಸಂಖ್ಯೆಗೆ ಹೊಂದಿಸಿ.
3. ಹಿಡಿಯ ನಡುಭಾಗ ಹಿಡಿದು ನಿಧಾನವಾಗಿ ಎಳೆಯಿರಿ. "ಟಕ್" ಎಂದ ಕೂಡಲೇ ನಿಲ್ಲಿಸಿ. ಭದ್ರತೆಗೆಂದು ಇನ್ನೊಮ್ಮೆ ಎಳೆದರೆ ಅಳತೆ ಮೀರುತ್ತದೆ. ವ್ರೆಂಚ್ ತಾನಾಗಿ ತಡೆಯುವುದಿಲ್ಲ.
4. ಸ್ಟೆಮ್‌ನಲ್ಲಿ ನಾಲ್ಕು ಬೋಲ್ಟ್ ಇದ್ದರೆ ಒಂದನ್ನೇ ಪೂರ್ತಿ ಬಿಗಿಯಬೇಡಿ. ಎದುರುಬದುರು ಮೂಲೆಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿಯುತ್ತ ಹೋಗಿ.
5. ಎಡ ಪೆಡಲ್‌ನ ಥ್ರೆಡ್ ಉಲ್ಟಾ. ಗಡಿಯಾರದ ಮುಳ್ಳಿಗೆ ವಿರುದ್ಧ ದಿಕ್ಕಿನಲ್ಲಿ ತಿರುಗಿಸಿದರೆ ಅದು ಬಿಗಿಯಾಗುತ್ತದೆ. ಇದಕ್ಕೆ ಎರಡೂ ದಿಕ್ಕಿನಲ್ಲಿ ಅಳೆಯುವ ವ್ರೆಂಚ್ ಬೇಕು.
6. ಬೋಲ್ಟ್ ಬಿಚ್ಚಲು ಟಾರ್ಕ್ ವ್ರೆಂಚ್ ಬಳಸಬೇಡಿ. ಕೆಲಸ ಮುಗಿದ ಮೇಲೆ ಅದನ್ನು ಕನಿಷ್ಠ ಸಂಖ್ಯೆಗೆ ಇಳಿಸಿಡಿ. ಇಲ್ಲದಿದ್ದರೆ ಒಳಗಿನ ಸ್ಪ್ರಿಂಗ್ ದಣಿದು ಅಳತೆ ತಪ್ಪಬಹುದು.

ಎಲ್ಲ ಸೈಕಲ್‌ಗೂ ಇದು ಬೇಕೇ?

ಇಲ್ಲ. ಕರ್ನಾಟಕ ಸರ್ಕಾರ 2006-07ರಲ್ಲಿ 8ನೇ ತರಗತಿ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ಆರಂಭಿಸಿದ ಮೇಲೆ ಹಳ್ಳಿ ಹಳ್ಳಿಗಳಲ್ಲಿ ಮಕ್ಕಳು ಸೈಕಲ್ ಏರಿ ಶಾಲೆಗೆ ಹೊರಟರು. ಗಟ್ಟಿ ಕಬ್ಬಿಣದ ಸಾದಾ ಸೈಕಲ್‌ಗೆ ಅನುಭವಿ ಮಿಸ್ತ್ರಿಯ ಕೈ ಸಾಕು. ಕಾಟರ್ ಪಿನ್ ಇರುವ ಕ್ರ್ಯಾಂಕಿನಲ್ಲಂತೂ ಪಿನ್ನನ್ನು ಸುತ್ತಿಗೆಯಿಂದ ಕೂರಿಸಬೇಕು. ನಟ್ ತಿರುಗಿಸಿ ಪಿನ್ ಎಳೆಯಲು ಹೋದರೆ ಥ್ರೆಡ್ ಹಾಳಾಗುತ್ತದೆ. ಆದರೆ ಈಗ ಗೇರ್, ಡಿಸ್ಕ್ ಬ್ರೇಕ್, ಅಲ್ಯೂಮಿನಿಯಂ ಫ್ರೇಮಿನ ಸೈಕಲ್‌ಗಳು ಹೆಚ್ಚುತ್ತಿವೆ. ಕಬ್ಬಿಣಕ್ಕೆ ಒಗ್ಗಿದ ಕೈ ಇವುಗಳ ಸಣ್ಣ ಬೋಲ್ಟ್‌ಗಳಿಗೆ ಹೆಚ್ಚಾಗಿಬಿಡುತ್ತದೆ. ಇನ್ನು ಕಾರ್ಬನ್ ಭಾಗಗಳಿದ್ದರೆ ಟಾರ್ಕ್ ವ್ರೆಂಚ್ ಕಡ್ಡಾಯ ಎಂದೇ ತಿಳಿಯಿರಿ.

ವ್ರೆಂಚ್ ಇಲ್ಲದಿದ್ದರೆ?

ಲಗೇಜ್ ತೂಗುವ ಕೊಕ್ಕೆ ತಕ್ಕಡಿ ನೆರವಾಗುತ್ತದೆ. ಬೋಲ್ಟಿನ ನಡುವಿನಿಂದ ಸರಿಯಾಗಿ 20 ಸೆಂ.ಮೀ. ದೂರದಲ್ಲಿ ಪಾನಾಕ್ಕೆ ಕೊಕ್ಕೆ ಹಾಕಿ, ಪಾನಾಕ್ಕೆ ನೇರ ಅಡ್ಡವಾಗಿ ಎಳೆಯಿರಿ. ತಕ್ಕಡಿ 20 ಕೆ.ಜಿ. ತೋರಿಸಿದರೆ ಸುಮಾರು 40 ನ್ಯೂಟನ್ ಮೀಟರ್ ಆಯಿತೆಂದು ಅರ್ಥ. ಪೆಡಲ್, ಆಕ್ಸಲ್ ನಟ್‌ಗಳಿಗೆ ಈ ಉಪಾಯ ನಡೆಯುತ್ತದೆ. ಕಾರ್ಬನ್ ಭಾಗಗಳ ಮೇಲೆ ಮಾತ್ರ ಇದನ್ನು ಪ್ರಯೋಗಿಸಬೇಡಿ.

ಕೊನೆಯದಾಗಿ

"ಹೆಚ್ಚು ಬಿಗಿದಷ್ಟೂ ಭದ್ರ" ಎಂಬುದು ತಪ್ಪು ನಂಬಿಕೆ. ಪ್ರತಿ ಬೋಲ್ಟಿಗೂ ಅದರದೇ ಅಳತೆ ಇದೆ. ಮಗುವಿನ ಸೈಕಲ್ ರಿಪೇರಿ ಮಾಡಿಸಿ ತಂದ ದಿನ ಮುಂದಿನ ಚಕ್ರವನ್ನು ಮೊಣಕಾಲುಗಳ ನಡುವೆ ಹಿಡಿದು ಹ್ಯಾಂಡಲ್ ತಿರುಗಿಸಿ ನೋಡಿ. ಚಕ್ರ ನಿಂತು ಹ್ಯಾಂಡಲ್ ಮಾತ್ರ ತಿರುಗಿದರೆ ಸೈಕಲ್ ರಸ್ತೆಗಿಳಿಸುವ ಮೊದಲೇ ಸರಿಪಡಿಸಿಕೊಳ್ಳಿ.